ಮೂರನೇ ವರ್ಷದ ಹೊಳೆ – ಕಂತು ಒಂಬತ್ತು: ಆರು ಚೀಟಿ

ವಿನಯ್ ಕುಮಾರ್ ತನ್ನ ಚೀಟಿಯನ್ನು ಎತ್ತಿ ಸಾಲಿನ ಕಟ್ಟಕಡೆಗೆ ಇಟ್ಟ. ಇಟ್ಟು, ಕತ್ತು ಹಿಂದಕ್ಕೆಳೆದು ಒಮ್ಮೆ ನೋಡಿ, "ಹಿಂಗಿರಬೇಕು ನೋಡ್ರಿ" ಎಂದ.

ಶಂಕರಮ್ಮನಿಗೆ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದು ಕೆಮ್ಮಿದಳು. ಚನ್ನಗಿರಿಯಲ್ಲಿ ಮೂರು ತಲೆಮಾರು ಅಡಿಕೆ ಮಂಡಿ ನಡೆಸಿದ ಮನೆಯ ಹುಡುಗ. ತನ್ನ ಮಾಲಿನ ಮೇಲೆ ಇನ್ನೊಬ್ಬರ ಮಾಲು ಬೀಳಬಾರದು ಎಂಬ ಬುದ್ಧಿ ಎಲ್ಲಿ ಹೋದೀತು.

ಮಂಡಿಯ ಮೇಜಿನ ಮೇಲೆ ಆರು ಚೀಟಿಗಳಿದ್ದವು. ಬುನಾದಿ, ಹೊಳೆ, ಪಡೆ, ಸಂತೆ, ಮಾತು, ಬೆಸುಗೆ. ಬೆಳಿಗ್ಗೆ ಹೊನ್ನಾಳಿಯ ಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಶಂಕರಮ್ಮನೇ ಬರೆದು ತಂದದ್ದು. ಬೇಕೆಂದೇ ತಪ್ಪು ಸಾಲಿನಲ್ಲಿ ಜೋಡಿಸಿ, ಸರಿಮಾಡು ಎಂದು ಅವನ ಮುಂದಿಟ್ಟಿದ್ದಳು.

ಆಟವೇನೋ ಪರದೇಶದ್ದು. ಕಂಪ್ಯೂಟರಿನಲ್ಲಿ ಕೋಟೆ ಕಟ್ಟುವುದು, ಪಡೆ ಸಾಕುವುದು, ಪಕ್ಕದವನ ಸೀಮೆ ನುಂಗುವುದು. ಅದಕ್ಕೆ ಹೊರಗಿನವರು ತಾವೇ ಮಾಡಿ ಸೇರಿಸುವ ತುಂಡಿಗೆ ಮಾಡ್ ಎನ್ನುತ್ತಾರಂತೆ. ನಾಲ್ಕು ಊರಿನ ನಾಲ್ವರು ಸೇರಿ ಅಂಥ ಮಾಡ್ ಮಾಡಿ, ನಮ್ಮ ಸೀಮೆಯ ಪಾಳೆಯಗಾರರನ್ನು ಆ ಆಟದೊಳಗೆ ತಂದು ಕೂರಿಸಿದ್ದರು. ಹೊನ್ನಾಳಿಯ ಸತೀಶ್ ಕುಮಾರ್ ಪಡೆ ಮಾಡಿದ. ಈ ವಿನಯ್ ಸಂತೆ ಮಾಡಿದ. ನ್ಯಾಮತಿಯ ಮೇಘಶ್ರೀ ಆಟದೊಳಗಿನ ಕನ್ನಡ ಮಾತನ್ನೆಲ್ಲ ಬರೆದಳು. ಹೊಳೆ, ನೆಲ, ದಾರಿ, ಅಂದರೆ ಇಡೀ ನಕಾಶೆ, ಜಗಳೂರಿನ ನಿಂಗರಾಜನದು. ಬುನಾದಿ ಎಲ್ಲರದ್ದೂ ಸೇರಿದ ತಳಪಾಯ. ಬೆಸುಗೆ ಅಂದರೆ ತುಂಡುಗಳು ಒಂದಕ್ಕೊಂದು ಹೊಂದಿಕೊಳ್ಳಲೆಂದು ಹಾಕಿದ ತೇಪೆ.

ಆ ನಿಂಗರಾಜ್ ತುಂಗಭದ್ರೆಯ ಪಾಲಾಗಿ ಇಂದಿಗೆ ಹನ್ನೆರಡು ದಿನ. ಇವತ್ತು ಭಾನುವಾರ. ನಾಳೆ ಪೊಲೀಸರು ಆತ್ಮಹತ್ಯೆ ಎಂದು ಬರೆದು ಫೈಲು ಮುಚ್ಚುತ್ತಾರೆ. ನಿಜ ಏನೆಂದು ತಿಳಿಸಿ ಎಂದು ಅವನ ತಾಯಿ ಶಂಕರಮ್ಮನ ಮೊರೆ ಹೋಗಿದ್ದಳು.

ಸಂತೆಯನ್ನು ಕೊನೆಗೆ ಯಾಕಿಟ್ಟೆಯಪ್ಪ ಎಂದು ಶಂಕರಮ್ಮ ಕೇಳಿದಳು. ಕೊನೆಗೆ ಬಂದದ್ದು ಮೊದಲು ಬಂದದ್ದರ ಮೇಲೆ ಕೂರುತ್ತದೆ, ಅದಕ್ಕೆ ಎಂದ. ಹಾಗಾದರೆ ಬೆಸುಗೆಯ ಮೇಲೂ ನಿನ್ನ ಸಂತೆ ಕೂತರೆ ತೇಪೆ ಹಾಕಿದ್ದೇನು ಸಾರ್ಥಕ ಎಂದು ಕೇಳಿದ್ದಕ್ಕೆ ಅವನ ಮುಖ ಸಣ್ಣಗಾಯಿತು. ಅಷ್ಟು ಆಳಕ್ಕೆ ತಾನು ಇಳಿದವನಲ್ಲ, ಸಾಲು ಜೋಡಿಸುವ ಕೆಲಸ ಸತೀಶನದು ಎಂದು ಜಾರಿಕೊಂಡ.

ಸುಳ್ಳಲ್ಲ. ಇವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನ ಜಂಬ ಹೇಗಿರುತ್ತದೆ, ಗೊತ್ತಿದ್ದವನ ಸಂಕೋಚ ಹೇಗಿರುತ್ತದೆ ಎಂಬುದನ್ನು ಮೂವತ್ತೊಂದು ವರ್ಷ ಖಾಕಿ ಸೀರೆ ಉಟ್ಟ ಹೆಡ್ ಕಾನ್‌ಸ್ಟೇಬಲ್ ಶಂಕರಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದರೂ ಮಂಡಿನೋವು ಬಂತೇ ಹೊರತು ಆ ಕಣ್ಣು ಹೋಗಿರಲಿಲ್ಲ.

"ನಿಂಗರಾಜನ್ನ ಗ್ರೂಪಿಂದ ತೆಗೆದಿದ್ದು ಯಾರು?"

"ಎಲ್ರೂ ಸೇರಿ ತೆಗೆದ್ವಿ. ಅವನ ನಕಾಶೆ ಹಾಕಿದ್ರೆ ಆಟ ನಡುವೇನೇ ಬಂದಾಗಿ ಬೀಳ್ತೈತೆ, ತೆಗೆದ್ರೆ ಬೀಳಲ್ಲ. ಇನ್ನೇನು ಪಂಚಾಯ್ತಿ ಮಾಡೋದು ಇತ್ತು ಅದ್ರಾಗೆ?"

"ಅವನೇನಂದ?"

"ಇನ್ನೊಂದು ವಾರ ಕೊಡ್ರಿ ಅಂದ. ಐವತ್ತೊಂದು ಸಲ ಬಿತ್ತು ಅಂತ ಎಣಿಸಿ ಎಣಿಸಿ ಗ್ರೂಪಿಗೆ ಹಾಕ್ತಿದ್ದ. ನಮಗೂ ರೋಸಿ ಹೋಗಿತ್ತು."

ಶಂಕರಮ್ಮ ಚೀಟಿಗಳನ್ನು ಒಟ್ಟುಮಾಡಿ ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡಳು. ಅವನು ಎಳನೀರು ತರಿಸುತ್ತೇನೆ ಎಂದ. ಬೇಡ ಎಂದಳು. ಒಂದು ವಾರ ಕೊಡಲಾರದವರು ಎಳನೀರು ಕೊಡುತ್ತಾರಂತೆ.

*

ಚನ್ನಗಿರಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ. ಎರಡು ಬಸ್ಸು, ಎರಡೂ ಕಿಕ್ಕಿರಿದವು. ಕಿಟಕಿ ಪಕ್ಕ ಸೀಟು ಸಿಕ್ಕಿದ್ದೇ ಶಂಕರಮ್ಮ ಕಣ್ಣು ಮುಚ್ಚಿಕೊಂಡಳು. ನಿದ್ದೆಗಲ್ಲ, ಸತೀಶನ ಮನೆಯಲ್ಲಿ ನಿನ್ನೆ ಕಂಡದ್ದನ್ನು ಇನ್ನೊಮ್ಮೆ ನೋಡುವುದಕ್ಕೆ.

ನಿಂಗರಾಜನ ಲ್ಯಾಪ್‌ಟಾಪನ್ನು ಸತೀಶನ ಮುಂದಿಟ್ಟು, ಇದರಲ್ಲಿ ಆಟ ಹಚ್ಚಿ ತೋರಿಸು ಎಂದಿದ್ದಳು. ಅವನು ಸಾಲು ಎಂದರೇನು ಎಂದು ತಿಳಿಸಿಕೊಡಲು ಹೊರಟ. ಮೊದಲು ಯಾವುದು, ಆಮೇಲೆ ಯಾವುದು ಎಂಬ ಪಟ್ಟಿಯ ಪ್ರಕಾರ ಆಟ ಒಂದೊಂದೇ ಮಾಡನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ಎರಡು ಮಾಡ್‌ಗಳು ಒಂದೇ ವಿಷಯಕ್ಕೆ ಬೇರೆ ಬೇರೆ ಮಾತು ಹೇಳಿದರೆ, ಕೊನೆಗೆ ಒಳಬಂದದ್ದರ ಮಾತೇ ನಡೆಯುತ್ತದೆ.

ಶಂಕರಮ್ಮನಿಗೆ ಥಟ್ಟನೆ ಹೊಳೆಯಿತು. ಇದು ನಮ್ಮ ಇಲಾಖೆಯೇ ಅಲ್ಲವೇ. ಪೇದೆ ಒಂದು ಹೇಳುತ್ತಾನೆ, ಎಎಸ್ಐ ಒಂದು ಹೇಳುತ್ತಾನೆ, ಕೊನೆಗೆ ಬಂದ ಸಾಹೇಬರು ಹೇಳಿದ್ದು ನಡೆಯುತ್ತದೆ. ಮೊದಲು ಹೇಳಿದವನು ನಿಜ ಹೇಳಿದ್ದರೂ ಅಷ್ಟೇ.

ಆಟ ಶುರುವಾಯಿತು. ಸತೀಶ್ ವೇಗ ಹೆಚ್ಚಿಸಿ ವರ್ಷಗಳನ್ನು ಓಡಿಸಿದ. ಮೂರನೇ ವರ್ಷದ ಬೇಸಿಗೆಗೆ ಪಡೆ ಹೊಳೆ ದಾಟುವಾಗ ಆಟ ಬೀಳುತ್ತದೆ, ಎರಡು ತಿಂಗಳಿಂದ ಒಮ್ಮೆಯೂ ತಪ್ಪಿಲ್ಲ ಎಂದು ಹೇಳುತ್ತಲೇ ಇದ್ದ. ಇರುವೆ ಗಾತ್ರದ ಸೈನಿಕರು ದಡಕ್ಕೆ ಬಂದರು. ಸೇತುವೆ ಹತ್ತಿದರು. ದಾಟಿದರು.

ನಾಲ್ಕನೇ ವರ್ಷ ಬಂತು. ಏಳು ಬಂತು. ಹನ್ನೊಂದು ಬಂತು. ಸತೀಶ್ ಎರಡೂ ಕೈ ತಲೆಯ ಮೇಲೆ ಹೊತ್ತು ಕೂತ. ಪಟ್ಟಿ ತೆರೆದು ನೋಡಿದರೆ ಎಲ್ಲವೂ ಹಳೆಯ ಸಾಲೇ, ಒಂದು ಹೆಸರು ಮಾತ್ರ ಸರಿದಿತ್ತು. ಬುನಾದಿಯ ಹಿಂದೆಯೇ ಬರುತ್ತಿದ್ದ ಹೊಳೆ ಈಗ ಪಡೆಯನ್ನೂ ಸಂತೆಯನ್ನೂ ದಾಟಿ ಕೆಳಕ್ಕೆ ಬಂದಿತ್ತು.

ನೆಲ ಮೊದಲು, ಜನ ಆಮೇಲೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅವರೂ ಹಾಗೇ ಅಂದುಕೊಂಡಿದ್ದರು. ಆದರೆ ಸತೀಶ್ ತನ್ನ ಪಡೆಯನ್ನು ಮಾಡುವಾಗ ಯಾವುದೋ ಹಳೆಯ ಕಡತ ನಕಲು ಮಾಡಿದ್ದ. ಅದರೊಳಗೆ ಹಳೆಯ ಹೊಳೆಯೊಂದು ಅಡಗಿ ಕೂತಿತ್ತು. ಪಡೆ ಹಿಂದೆ ಬಂದಾಗಲೆಲ್ಲ ಆ ಹಳೆ ಹೊಳೆ ನಿಂಗರಾಜನ ಹೊಸ ಹೊಳೆಯ ಮೇಲೆ ಬಿದ್ದು ಅವನ ಸೇತುವೆಗಳನ್ನು ಅಳಿಸುತ್ತಿತ್ತು. ಇಲ್ಲದ ಸೇತುವೆಗೆ ಸೈನಿಕ ಕಾಲಿಟ್ಟರೆ ಆಟ ಬೀಳದೆ ಇನ್ನೇನು ಮಾಡೀತು. ತಪ್ಪು ಪಡೆಯದು. ಪೆಟ್ಟು ತಿಂದದ್ದು ಹೊಳೆ.

ಸತೀಶ್ ಅತ್ತುಬಿಟ್ಟ. ನಂದು ತಪ್ಪು, ಅವನನ್ನ ಓಡಿಸಿದ್ವಿ ಎಂದ. ಮೂಗು ಒರೆಸಿಕೊಂಡ ಮೇಲೆ ಅವನು ಕೇಳಿದ ಪ್ರಶ್ನೆಯೇ ಶಂಕರಮ್ಮನನ್ನು ರಾತ್ರಿಯೆಲ್ಲ ಎಬ್ಬಿಸಿ ಕೂರಿಸಿದ್ದು.

"ಇದನ್ನ ಸರಿ ಮಾಡಿದ್ದು ಯಾರು ಹಂಗಾರೆ?"

ಪಟ್ಟಿ ಬದಲಾದ ಹೊತ್ತು ಅದರಲ್ಲೇ ನಮೂದಾಗಿತ್ತು. ಮಂಗಳವಾರ, ನಾಲ್ಕು ಗಂಟೆ ಮೂವತ್ತೊಂದು ನಿಮಿಷ. ನಿಂಗರಾಜ್ ನೀಲಿ ಚೌಕಳಿ ಅಂಗಿ ತೊಟ್ಟು ಹೊಳೆಯ ಕಡೆ ನಡೆದದ್ದು ಚಹಾ ಅಂಗಡಿಯ ಕ್ಯಾಮರಾದಲ್ಲಿ ಹಿಂದಿನಿಂದ ಕಂಡದ್ದು ಒಂದೂ ಐವತ್ತಕ್ಕೆ. ಅವನ ಫೋನು ಸತ್ತದ್ದು ಎರಡೂ ಹತ್ತಕ್ಕೆ. ಆದರೆ ಅವನ ಲ್ಯಾಪ್‌ಟಾಪಿನಿಂದ ಇಂಟರ್‌ನೆಟ್ಟಿನಲ್ಲಿದ್ದ ಆಟದ ಪುಟಕ್ಕೆ ಬೀಳ್ಕೊಡುಗೆಯ ಮಾತು ಹೋದದ್ದು ನಾಲ್ಕೂ ಇಪ್ಪತ್ತಕ್ಕೆ: ನನ್ನಿಂದ ಎಲ್ಲರಿಗೂ ತೊಂದರೆಯಾಯಿತು, ಇನ್ನು ನಾನು ಇರುವುದಿಲ್ಲ.

ಮೊದಲೇ ಬರೆದಿಟ್ಟು ಹೊತ್ತು ಗೊತ್ತುಮಾಡಿ ಹೋಗಿರಬಹುದು, ಅದಕ್ಕೆಲ್ಲ ಯಂತ್ರದಲ್ಲಿ ಅನುಕೂಲವಿದೆ ಎಂದು ಪೊಲೀಸರು ಹೇಳಿದ್ದರು. ಇರಬಹುದು. ಯಂತ್ರ ತಾನಾಗಿ ಬೀಳ್ಕೊಡುಗೆ ಹಾಕಬಹುದು. ಎರಡು ತಿಂಗಳು ಯಾರಿಗೂ ಹೊಳೆಯದ ಬುದ್ಧಿ ಯಂತ್ರಕ್ಕೆ ತಾನಾಗಿ ಬರುವುದಿಲ್ಲ. ನಾಲ್ಕೂವರೆಗೆ ನಿಂಗರಾಜ್ ಹೊನ್ನಾಳಿಯಲ್ಲಿ ಬಾಡಿಗೆಗಿದ್ದ ಕೋಣೆಯಲ್ಲಿ ಒಂದು ಕೈ ಇತ್ತು. ಬೀಗ ಒಡೆದಿರಲಿಲ್ಲ. ಬಾಗಿಲ ಮೇಲಿನ ಪಟ್ಟಿಯ ಸಂದಿನಲ್ಲಿ ಕೀಲಿ ಇರುತ್ತದೆಂದು ಗೊತ್ತಿದ್ದವರು ಅವನ ಜೊತೆಗಾರರು ಮೂವರೇ. ಸತೀಶ್ ಅಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ತಾಯಿಯ ಜೊತೆಗಿದ್ದ. ಅದನ್ನು ಶಂಕರಮ್ಮ ಖುದ್ದು ವಿಚಾರಿಸಿ ಬಂದಿದ್ದಳು. ವಿನಯನಿಗೆ ಸಾಲು ಜೋಡಿಸಲೇ ಬರುವುದಿಲ್ಲ.

ಬಸ್ಸು ಹೊಳೆ ದಾಟುವಾಗ ಕಣ್ಣು ತೆರೆದಳು. ನೀರು ಅದರ ಪಾಡಿಗೆ ಅದು ಹರಿಯುತ್ತಿತ್ತು. ಅದಕ್ಕೇನು.

ಜಗಳೂರಿನಲ್ಲಿ ಒಬ್ಬ ತಾಯಿ ಕೂತಿದ್ದಾಳೆ, ತಿಪ್ಪಮ್ಮ. ಸೋಮವಾರ ಮಗನಿಗೆ ಫೋನಿನಲ್ಲಿ, ಆ ಹಾಳು ಆಟ ಬಿಟ್ಟು ಕುರಿ ಹಿಂದೆ ಬಾ, ಇಲ್ಲಾಂದ್ರೆ ಹೊಳೆಗೆ ಬಿದ್ದು ಸಾಯಿ ಎಂದಿದ್ದಳು. ಸಿಟ್ಟಿನಲ್ಲಿ ಯಾವ ತಾಯಿ ಅನ್ನುವುದಿಲ್ಲ. ಮಂಗಳವಾರ ಮಗ ಹೊಳೆಗೆ ಹೋದ. ಅಂದಿನಿಂದ ಆಕೆ ಫೋನು ಮುಟ್ಟಿಲ್ಲ. ಶಂಕರಮ್ಮನ ಕೈ ಹಿಡಿದು ಒಂದೇ ಮಾತು ಕೇಳಿದ್ದಳು.

"ನನ್ನ ಮಾತಿಗೆ ಹೋದ್ನೋ, ಬೇರೆ ಯಾರಾರ ಕಳಿಸಿದ್ರೋ, ಅದೊಂದು ಹೇಳ್ರಿ. ನಾನೇ ಅಂತಾದ್ರೆ ನಾನೇ ಅಂತ ಹೇಳ್ರಿ. ಮುಚ್ಚಿಡಬ್ಯಾಡ್ರಿ."

ಆಕೆಯ ಬದಲು ತಮ್ಮ ದುರುಗಪ್ಪ ಫೋನು ಮಾಡುತ್ತಾನೆ. ಸಂಜೆ ಐದೂವರೆಗೆ, ಕುರಿ ಹಟ್ಟಿಗೆ ಸೇರಿಸಿದ ಮೇಲೆ, ಒಂದು ದಿನವೂ ತಪ್ಪದೆ. ಪಾಪ, ಒಳ್ಳೆಯ ಮನುಷ್ಯ. ಮೂರನೇ ದಿನ ಹೆಣ ತೇಲಿದಾಗ ಜಗಳೂರಿನಿಂದ ಓಡಿ ಬಂದು ಗುರುತು ಹಿಡಿದದ್ದೂ ಅವನೇ. ಮೀನು ಮುಖ ಉಳಿಸಿರಲಿಲ್ಲ. ಅಂಗಿ ನೋಡಿ, ಬೆರಳಿನ ತಾಮ್ರದುಂಗುರ ನೋಡಿ, ನಮ್ಮ ಹುಡುಗನೇ ಎಂದ. ನೀನು ನೋಡಬ್ಯಾಡ ಅಕ್ಕ ಎಂದು ತಿಪ್ಪಮ್ಮನನ್ನು ಹತ್ತಿರಕ್ಕೆ ಬಿಡಲಿಲ್ಲ.

*

ಮೇಘಶ್ರೀ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಶಾಲೆಯ ನೋಟುಪುಸ್ತಕ ತಿದ್ದುತ್ತಿದ್ದಳು. ನ್ಯಾಮತಿಯ ಹತ್ತಿರದ ಹಳ್ಳಿಯೊಂದರಲ್ಲಿ ಅತಿಥಿ ಶಿಕ್ಷಕಿ, ಇಪ್ಪತ್ತೈದರ ಹುಡುಗಿ. ಮನೆಯವರೆಲ್ಲ ಸೂರಗೊಂಡನಕೊಪ್ಪದ ಕಡೆ ಯಾರದೋ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದರು. ಶಂಕರಮ್ಮ ಅದನ್ನು ತಿಳಿದುಕೊಂಡೇ ಬಂದಿದ್ದಳು.

"ಬರ್ರಿ ಆಂಟಿ, ಕೂತ್ಕಳ್ರಿ. ಚಾ ಮಾಡ್ತೀನಿ."

ಚಹಾ ಬಂತು, ಮಂಡಕ್ಕಿ ಬಂತು. ಶಂಕರಮ್ಮ ಮಂಡಕ್ಕಿ ಮೆಲ್ಲುತ್ತ ಚಾಪೆಯ ಮೇಲೆ ಚೀಟಿಗಳನ್ನು ಒಂದೊಂದಾಗಿ ಇಟ್ಟಳು. ಬುನಾದಿ, ಹೊಳೆ, ಪಡೆ, ಸಂತೆ, ಮಾತು, ಬೆಸುಗೆ. ಅವುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ.

ಬದಲಿಗೆ ಶಾಲೆಯ ಸುದ್ದಿ ತೆಗೆದಳು. ಅತಿಥಿ ಶಿಕ್ಷಕರಿಗೆ ರಜೆಯಲ್ಲಿ ಸಂಬಳ ಕೊಡುತ್ತಾರೋ ಇಲ್ಲವೋ, ಮಕ್ಕಳು ಓದುತ್ತವೋ ಇಲ್ಲವೋ. ಮೇಘಶ್ರೀ ಉತ್ತರ ಕೊಡುತ್ತ ಕೊಡುತ್ತ ನೋಟುಪುಸ್ತಕಗಳ ಅಂಚನ್ನು ನೆಟ್ಟಗೆ ಮಾಡಿದಳು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ವಕ್ರವಾಗಿದ್ದ ಲೋಟವನ್ನು ಬಸಿಯ ನಡುವಿಗೆ ತಂದಳು. ಅಂಥ ಕೈ.

ಮೂರನೇ ತರಗತಿಯ ಹುಡುಗನೊಬ್ಬನ ಕಥೆ ಹೇಳುತ್ತಿದ್ದಾಗ ಆ ಕೈ ಚೀಟಿಗಳ ಹತ್ತಿರ ಬಂತು. ತೋರುಬೆರಳು ಹೊಳೆಯ ಮೇಲೆ ಕೂತಿತು. ಮಾತು ನಿಲ್ಲಲಿಲ್ಲ. ಹೊಳೆ ಸರಿಯಿತು, ಪಡೆಯನ್ನು ದಾಟಿತು, ಸಂತೆಯನ್ನು ದಾಟಿತು, ಮಾತಿನ ಮೇಲುಗಡೆ ನಿಂತಿತು. ಆಮೇಲೆ ಅದೇ ಬೆರಳು ಆರೂ ಚೀಟಿಗಳ ಅಂಚನ್ನು ಒಂದೇ ಗೆರೆಗೆ ತಂದಿತು.

ಶಂಕರಮ್ಮ ಬಾಯಲ್ಲಿದ್ದ ಮಂಡಕ್ಕಿ ನುಂಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಇಲ್ಲಿ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡಾಯಿತು. ಗೆದ್ದೆ ಎಂದು ಸಂತೋಷವಾಗಬೇಕಿತ್ತು. ಎದೆಯೊಳಗೆ ಕಹಿ ತುಂಬಿಕೊಂಡಿತು. ಮೂವರಲ್ಲಿ ಇವಳು ಆಗಿರದಿದ್ದರೆ ಸಾಕು ಎಂದುಕೊಂಡೇ ಬಸ್ಸು ಹತ್ತಿದ್ದಳು.

"ಮೇಘಾ, ಕೆಳಗೆ ನೋಡು."

ಹುಡುಗಿ ನೋಡಿದಳು. ಬೆರಳನ್ನು ಬಿಸಿ ತಗುಲಿದಂತೆ ಹಿಂದಕ್ಕೆ ತೆಗೆದುಕೊಂಡಳು.

"ಸತೀಶನಿಗೆ ಇದು ಗೊತ್ತಾಗಿದ್ದು ನಿನ್ನೆ, ನಿಂಗರಾಜನ ಲ್ಯಾಪ್‌ಟಾಪ್ ನೋಡಿದ ಮೇಲೆ. ವಿನಯನಿಗೆ ಇವತ್ತಿಗೂ ಗೊತ್ತಿಲ್ಲ. ನಿಂಗೆ ಯಾವಾಗ ಗೊತ್ತಾತು?"

ಹೊರಗೆ ಯಾರೋ ಮೆಕ್ಕೆಜೋಳದ ತೆನೆ ಬಡಿಯುತ್ತಿದ್ದರು. ಆ ಸದ್ದು ನಿಂತಾಗ ಮೇಘಶ್ರೀಯ ಮಾತು ಬಂತು.

"ಎರಡು ತಿಂಗಳಾತು."

ಮಾತು ಬರೆಯುವವಳಾದ್ದರಿಂದ ಎಲ್ಲರ ಕಡತಗಳನ್ನೂ ತೆರೆದು ನೋಡುವುದು ಅವಳ ಕೆಲಸವಾಗಿತ್ತು. ಘಟ್ಟ, ಹಳ್ಳ, ಸೇತುವೆಗಳಿಗೆ ಹೆಸರಿಡುವಾಗ ಸತೀಶನ ಪಡೆಯೊಳಗೆ ಇನ್ನೊಂದು ಹೊಳೆ ಮಲಗಿರುವುದು ಕಂಡಿತು. ತನ್ನ ಕಂಪ್ಯೂಟರಿನಲ್ಲಿ ಸಾಲು ಬದಲಿಸಿ ನೋಡಿದಳು. ಪಡೆ ಹೊಳೆ ದಾಟಿತು. ಮೂವರು ಗಂಡುಹುಡುಗರು ತಲೆ ಚಚ್ಚಿಕೊಳ್ಳುತ್ತಿದ್ದ ಗಂಟನ್ನು ಅವಳು ಅರ್ಧ ಗಂಟೆಯಲ್ಲಿ ಬಿಚ್ಚಿದ್ದಳು.

"ಬಿಚ್ಚಿ, ಬಾಯಿ ಮುಚ್ಕೊಂಡು ಕೂತೆ."

"ಹೂಂ."

"ಯಾಕೆ?"

ಆಟದ ಪುಟದಲ್ಲಿ ಮಾಡ್ ಮಾಡಿದವರ ಹೆಸರು ಹಾಕುವ ಕೆಲಸ ನಿಂಗರಾಜನದಾಗಿತ್ತು. ಮೂರು ಹೆಸರು ಹಾಕಿದ. ಮೇಘಶ್ರೀಯದನ್ನು ಬಿಟ್ಟ. ಕೇಳಿದ್ದಕ್ಕೆ ಮರೆತೆ ಎಂದ. ಅಷ್ಟಕ್ಕೇ ಬಿಡದೆ ಇನ್ನೊಂದು ಮಾತು ಸೇರಿಸಿದ. ಮಾತು ಬರೆಯುವುದೇನು ದೊಡ್ಡ ಕೆಲಸ, ಯಾರು ಬೇಕಾದರೂ ಬರೆಯುತ್ತಾರೆ ಎಂದ.

"ಒಂದು ವರ್ಷ ಆಂಟಿ. ಶಾಲೆಯಿಂದ ಬಂದು, ಅಡುಗೆ ಮಾಡಿ, ಆಮೇಲೆ ಕೂತು ಒಂಬತ್ತು ಸಾವಿರ ಸಾಲು ಬರೆದೆ. ಎರಡು ದಿನ ಒದ್ದಾಡಲಿ, ಆಮೇಲೆ ಹೇಳಿದ್ರಾತು ಅಂತ ಬಿಟ್ಟೆ. ಎರಡು ದಿನ ಹೋಗಿ ವಾರ ಆತು. ಅಷ್ಟರಾಗೆ ಅವರಿಬ್ರೂ ಅವನನ್ನ ಬೈಯ್ಯಾಕೆ ಶುರು ಮಾಡಿದ್ರು. ಈಗ ಹೇಳಿದ್ರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತಾರಲ್ಲ. ಅದಕ್ಕೆ ಇನ್ನೂ ಸುಮ್ಮನಾದೆ."

"ಅವನನ್ನ ಹೊರಗೆ ಹಾಕ್ವಾಗ?"

"ನಾನೂ ಹೂಂ ಅಂದೆ."

ಶಂಕರಮ್ಮನಿಗೆ ಎದ್ದು ಒಂದು ಬಾರಿಸಬೇಕೆನಿಸಿತು. ಜೊತೆಗೇ, ಆ ಒಂಬತ್ತು ಸಾವಿರ ಸಾಲಿನ ಸಂಕಟ ಅರ್ಥವಾಗದೆಯೂ ಇರಲಿಲ್ಲ. ತಾನು ಹಿಡಿದ ಕಳ್ಳರ ಬಗ್ಗೆ ಇಲಾಖೆ ಕೊಟ್ಟ ಪತ್ರಿಕಾ ಹೇಳಿಕೆಯಲ್ಲಿ ತನ್ನ ಹೆಸರು ಎಷ್ಟು ಸಲ ಬಂದಿತ್ತು? ಸಾಹೇಬರ ಹೆಸರು, ಸಾಹೇಬರ ಮೇಲಿನವರ ಹೆಸರು, ಕೊನೆಗೆ 'ಮತ್ತು ಸಿಬ್ಬಂದಿ'. ಮೂವತ್ತೊಂದು ವರ್ಷ ಅವಳು 'ಮತ್ತು ಸಿಬ್ಬಂದಿ'ಯಾಗಿ ದುಡಿದಿದ್ದಳು.

ಆದರೂ ಹೇಳಬೇಕಾದ್ದನ್ನು ಹೇಳಿದಳು. ಹೇಳದೆ ಇರಬಹುದಿತ್ತು. ಎಷ್ಟು ಕಹಿಯೋ ಅಷ್ಟನ್ನೂ ಕುಡಿಯಲಿ ಎಂಬ ಹಟ ಬಂತು.

"ಅವನ ಹೊಸ ನಕಾಶೆ ಲ್ಯಾಪ್‌ಟಾಪಿನಾಗೆ ಹಂಗೇ ಕೂತೈತೆ. ಆಟ ಬೀಳೋದು ನಿಂತ ಮ್ಯಾಲೆ ಬಿಡಾಣ ಅಂತ ಇಟ್ಕೊಂಡಿದ್ದ. ಅದ್ರಾಗೆ ಮಾಡಿದವರ ಹೆಸರು ಬರೆದವನೆ. ಮೊದಲನೇ ಹೆಸರು ನಿಂದು."

ಮೇಘಶ್ರೀ ಮೊದಲು ನಂಬಲಿಲ್ಲ. ಶಂಕರಮ್ಮ ಸತೀಶನಿಂದ ತೆಗೆಸಿಕೊಂಡ ಫೋಟೋವನ್ನು ಫೋನಿನಲ್ಲಿ ತೋರಿಸಿದಳು. ಮೇಘಶ್ರೀ, ನ್ಯಾಮತಿ. ಅದರ ಕೆಳಗೆ ಸತೀಶ್, ವಿನಯ್. ಎಲ್ಲರಿಗಿಂತ ಕೆಳಗೆ ನಿಂಗರಾಜ್. ಬರೆದ ತಾರೀಖು ಎರಡು ತಿಂಗಳ ಹಿಂದಿನದು.

ಹುಡುಗಿ ಫೋನನ್ನು ಎದೆಗೊತ್ತಿಕೊಂಡು ಮುಂದಕ್ಕೆ ಬಾಗಿದಳು. ಅಳು ಬರಲಿಲ್ಲ. ಅವಳ ಬಾಯಿಂದ ಬಂದ ಸದ್ದು ಅಳುವಿಗಿಂತ ಕೆಟ್ಟದಾಗಿತ್ತು. ಶಂಕರಮ್ಮ ಕಾದಳು. ಸಮಾಧಾನದ ಮಾತು ಅವಳ ಹತ್ತಿರ ಇರಲಿಲ್ಲ. ಇದ್ದಿದ್ದರೂ ಕೊಡುತ್ತಿರಲಿಲ್ಲ.

ಹುಡುಗಿ ನೆಟ್ಟಗೆ ಕೂತ ಮೇಲೆ ಶಂಕರಮ್ಮ ಕೇಳಿದಳು. "ಆ ಮಂಗಳವಾರ ನಾಲ್ಕೂವರೆ ಗಂಟೆಗೆ ಅವನ ಕೋಣೆಯಾಗೆ ನೀನಿದ್ದೆ."

"ಇದ್ದೆ."

"ಹೊನ್ನಾಳಿಯಾಗೆ ಟ್ರೈನಿಂಗ್‌ನಲ್ಲಿದ್ದೆ ಅಂದಿದ್ಯಲ್ಲ ನಂಗೆ."

"ಟ್ರೈನಿಂಗಿಗೇ ಹೋಗಿದ್ದೆ. ಮಧ್ಯಾಹ್ನ ಬಿಟ್ಟ ಮ್ಯಾಲೆ ಕೋಣೆಗೆ ಹೋದೆ."

"ಇನ್ನು ನಾನು ಇರುವುದಿಲ್ಲ ಅಂತ ಪುಟದಾಗೆ ಬರೆದದ್ದು?"

"ನಾನೇ."

ಶಂಕರಮ್ಮನ ಕೈಯಲ್ಲಿದ್ದ ಲೋಟ ಚಾಪೆಗೆ ಇಳಿಯಿತು. ಒಬ್ಬ ಮನುಷ್ಯನ ಕೊನೆಯ ಮಾತನ್ನು ಇನ್ನೊಬ್ಬರು ಬರೆದಿದ್ದಾರೆ. ಅದನ್ನು ಓದಿಸಿಕೊಂಡು ಒಬ್ಬ ತಾಯಿ ಹನ್ನೆರಡು ದಿನದಿಂದ ತನ್ನ ನಾಲಿಗೆಯನ್ನು ಶಪಿಸಿಕೊಳ್ಳುತ್ತಿದ್ದಾಳೆ. ಈ ಪುಣ್ಯಾತ್ಗಿತ್ತಿ ಇಲ್ಲಿ ನೋಟುಪುಸ್ತಕ ತಿದ್ದುತ್ತ ಕೂತಿದ್ದಾಳೆ.

"ಯಾರು ಬರಿ ಅಂದ್ರು?"

"ನಿಂಗರಾಜ್."

"ಯಾವಾಗ?"

"ಅವತ್ತೇ. ಫೋನ್ ಮಾಡಿದ್ದ."

ಫೋನು ಹಾಳಾಗಿದೆ, ಇನ್ಯಾರದ್ದೋ ಫೋನಿನಿಂದ ಮಾಡುತ್ತಿದ್ದೇನೆ ಎಂದಿದ್ದನಂತೆ. ಗುಂಪಿನಿಂದ ತೆಗೆದುಹಾಕಿದ್ದೀರಿ, ಆಟದ ಪುಟ ಮಾತ್ರ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೇ ಇದೆ. ಕೀಲಿ ಗೊತ್ತಲ್ಲ, ಹೋಗಿ ನಾನು ಹೇಳಿದಷ್ಟನ್ನು ನನ್ನ ಹೆಸರಲ್ಲಿ ಬರೆದುಬಿಡು ಎಂದು ಒಂದೊಂದೇ ಪದ ಹೇಳಿ ಹಾಳೆಯಲ್ಲಿ ಬರೆಸಿದನಂತೆ. ಮಾಡ್ ಮಾಡುವುದು ಬಿಡುತ್ತಿದ್ದಾನೆ ಎಂದೇ ಇವಳು ತಿಳಿದಳು. ಸಾಯುವ ಮಾತು ಎಂದು ಹೊಳೆಯಲಿಲ್ಲ. ಬರೆದಳು. ಅಷ್ಟಕ್ಕೇ ಎದ್ದು ಬರಬೇಕಿತ್ತು.

"ಆ ಪಟ್ಟಿ ಕಣ್ಣಿಗೆ ಬಿತ್ತು ಆಂಟಿ. ಹೊಳೆ ಅದೇ ತಪ್ಪು ಜಾಗದಾಗಿತ್ತು. ಹಂಗೇ ಬಿಟ್ಟು ಬರಾಕೆ ಕೈ ಬರಲಿಲ್ಲ. ವಾಪಸ್ ಬಂದು ಯಾವತ್ತಾದ್ರೂ ಆಟ ಹಚ್ಚಿದ್ರೆ ಪಡೆ ಹೊಳೆ ದಾಟಲಿ ಅನ್ನಿಸ್ತು. ಯಾರು ಮಾಡಿದ್ದು ಅಂತ ಗೊತ್ತಾಗೋದು ಬ್ಯಾಡ ಅಂತ ಸುಮ್ನೆ ಬಂದೆ."

ಬೀಳ್ಕೊಡುಗೆ ಮಾತ್ರ ಬರೆದು ಬಂದಿದ್ದರೆ ಯಾರ ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಒಂದು ತಪ್ಪನ್ನು ತಪ್ಪಾಗಿಯೇ ಬಿಡಲಾರದ ಕೈ ಇವಳನ್ನು ಹಿಡಿದುಕೊಟ್ಟಿತು. ಅದೇ ಕೈ ಎರಡು ತಿಂಗಳು ಸುಮ್ಮನಿತ್ತಲ್ಲ ಎಂದು ಶಂಕರಮ್ಮನಿಗೆ ಮತ್ತೆ ಸಿಟ್ಟು ಬಂತು. ಆ ಸಿಟ್ಟಿನ ನಡುವೆಯೇ ಏನೋ ಒಂದು ಚುಚ್ಚಿತು. ಹಳೆಯ ಅಭ್ಯಾಸ, ಹೊತ್ತು ಕೇಳದೆ ಹೇಳಿಕೆ ಮುಗಿಸುವುದಿಲ್ಲ.

"ಫೋನ್ ಬಂದಿದ್ದು ಎಷ್ಟೊತ್ತಿಗೆ?"

ಮೇಘಶ್ರೀ ತನ್ನ ಫೋನು ತೆಗೆದು ಹಿಂದಕ್ಕೆ ಹಿಂದಕ್ಕೆ ಸರಿಸಿದಳು. "ಮೂರೂ ಹದಿನಾರು."

"ಇನ್ನೊಂದು ಸಲ ನೋಡು."

"ಮೂರೂ ಹದಿನಾರೇ ಆಂಟಿ. ಆರು ನಿಮಿಷ ಮಾತಾಡಿದ್ದು."

ಎರಡೂ ಹತ್ತಕ್ಕೆ ಹೊಳೆಯ ಪಾಲಾದವನು ಮೂರೂ ಹದಿನಾರಕ್ಕೆ ಫೋನು ಮಾಡಿದ. ಶಂಕರಮ್ಮ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಮಂಡಿ ಲಟಕ್ಕೆಂದಿತು.

ಧ್ವನಿ ಅವನದೇನಾ ಎಂದು ಕೇಳಿದಳು. ಅವನದೇ, ಮೂರು ವರ್ಷ ಕೇಳಿದ ಧ್ವನಿ ಎಂದಳು ಹುಡುಗಿ. ಆದರೆ ತಡೆದು ತಡೆದು ಮಾತಾಡುತ್ತಿದ್ದ. ಒಂದು ಪದ ಹೇಳುವುದು, ನಿಲ್ಲಿಸುವುದು, ಇನ್ನೊಂದು ಹೇಳುವುದು. ಪಕ್ಕದಲ್ಲಿ ಯಾರೋ ನಿಂತು ಹೇಳಿಕೊಡುತ್ತಿದ್ದರೇನೋ ಅನ್ನುವ ಹಾಗೆ. ಅಥವಾ ಅಳು ತಡೆಯುತ್ತಿದ್ದನೋ, ಅವಳಿಗೆ ಗೊತ್ತಾಗಲಿಲ್ಲ.

"ಹಿಂದೆ ಸದ್ದು ಏನಾದ್ರೂ ಕೇಳ್ತಿತ್ತಾ? ನೀರಿನ ಸದ್ದು? ಬಸ್ಸು?"

ಮೇಘಶ್ರೀ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು.

"ಕುರಿ" ಎಂದಳು. "ಬಾಳ ಕುರಿ ಅರಚ್ತಿದ್ವು."

ಆ ನಂಬರು ಹೇಳು ಎಂದಳು ಶಂಕರಮ್ಮ. ಹುಡುಗಿ ಒಂದೊಂದೇ ಅಂಕಿ ಓದಿದಳು. ಶಂಕರಮ್ಮ ಕನ್ನಡಕ ಏರಿಸಿಕೊಂಡು ತನ್ನ ಫೋನಿನಲ್ಲಿ ಒತ್ತಿದಳು. ಏಳನೇ ಅಂಕಿಗೆ ಫೋನು ತಾನಾಗಿಯೇ ಒಂದು ಹೆಸರು ತೋರಿಸಿತು. ಅವಳು ನಂಬದೆ ಹತ್ತೂ ಅಂಕಿ ಒತ್ತಿದಳು. ಹೆಸರು ಬದಲಾಗಲಿಲ್ಲ.

ದುರುಗಪ್ಪ, ಜಗಳೂರು.

ಆ ಮಂಗಳವಾರ ಊರು ಬಿಟ್ಟು ಕದಲಿಲ್ಲ, ದಿನವೆಲ್ಲ ಕುರಿ ಹಿಂದೆ ಒಬ್ಬನೇ ಇದ್ದೆ ಎಂದು ಆಣೆಯಿಟ್ಟು ಹೇಳಿದವನು. ಅಂಗಿ ನೋಡಿ, ಉಂಗುರ ನೋಡಿ, ನಮ್ಮ ಹುಡುಗನೇ ಎಂದವನು. ನೀನು ನೋಡಬ್ಯಾಡ ಅಕ್ಕ ಎಂದವನು.

ಹೆಣದ ಮುಖವನ್ನು ಯಾರೂ ನೋಡಿಲ್ಲ. ಕ್ಯಾಮರಾದಲ್ಲಿ ಬೆನ್ನು ಮಾತ್ರ ಕಂಡಿತ್ತು. ಎಲ್ಲರೂ ನಂಬಿದ್ದು ಕೊನೆಗೆ ಬಂದು ಮಾತಾಡಿದವನ ಒಂದು ಮಾತನ್ನು. ಮಿಕ್ಕಿದ್ದೆಲ್ಲದರ ಮೇಲೆ ಅದೇ ಕೂತು ಮುಚ್ಚಿಬಿಟ್ಟಿತ್ತು. ಮೂವತ್ತೊಂದು ವರ್ಷದ ಸರ್ವೀಸಿನವಳೂ ನಂಬಿದ್ದಳು.

ಹಾಗಾದರೆ ಜಗಳೂರಿನ ಹೊಲದಂಚಿನಲ್ಲಿ ಮಣ್ಣು ಮಾಡಿದ್ದು ಯಾರ ಮಗನನ್ನು?

ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅದೇ ಹೆಸರು. ಗೋಡೆಯ ಗಡಿಯಾರದಲ್ಲಿ ಐದೂವರೆ. ಮೇಘಶ್ರೀ ಹೆದರಿ ಗೋಡೆಗೆ ಒತ್ತಿಕೊಂಡಳು. ಶಂಕರಮ್ಮ ಬಾಯಿಯ ಮೇಲೆ ಬೆರಳಿಟ್ಟು ಅವಳಿಗೆ ಸನ್ನೆ ಮಾಡಿ, ಗಂಟಲು ಸರಿಮಾಡಿಕೊಂಡು ಫೋನು ಎತ್ತಿದಳು.

"ಅಕ್ಕಾರೇ, ಏನಾದ್ರೂ ಗೊತ್ತಾತಾ?" ಎಂದಿನ ಮೆತ್ತಗಿನ ಧ್ವನಿ. ಹಿಂದೆ ಕುರಿಗಳು ಅರಚುತ್ತಿದ್ದವು. "ನಮ್ಮಕ್ಕ ಇಲ್ಲೇ ಪಕ್ಕದಾಗೆ ಕೂತವಳೆ. ಇವತ್ತು ನಾನೇ ಕೇಳ್ತೀನಿ, ಫೋನ್ ಕೊಡು ಅಂತವಳೆ. ಕೊಡ್ಲಾ?"

ಶಂಕರಮ್ಮ ಉತ್ತರ ಕೊಡುವ ಮೊದಲೇ ಫೋನು ಕೈ ಬದಲಾಯಿತು. ಹನ್ನೆರಡು ದಿನದಿಂದ ಫೋನು ಮುಟ್ಟದವಳ ಉಸಿರು ಕೇಳಿಸಿತು.

"ಹೇಳ್ರಿ" ಎಂದಳು ತಿಪ್ಪಮ್ಮ. "ನಾನೇನಾ?"

ದುರುಗಪ್ಪ ಅವಳ ಪಕ್ಕದಲ್ಲೇ ನಿಂತಿದ್ದ.